ಪೂಜಪ್ಪುರದ ಹೆಸರಿನಲ್ಲಿ

ಕಾಸರಗೋಡು ಕಡೆಯ ಯಾವ ಸರಕಾರಿ ಹೈಸ್ಕೂಲಿಗೆ ಹೋದರೂ ಎಸ್‌ಐಟಿಸಿ ಮಾಷ್ಟ್ರು ಯಾರೆಂದು ಕೇಳಿ ತಿಳಿಯಬೇಕಾಗಿಲ್ಲ. ನಡೆಯುವಾಗ ಸದ್ದು ಮಾಡುವವರು ಅವರೇ. ಲ್ಯಾಬಿನ ಬಾಗಿಲಿಗೊಂದು, ಲ್ಯಾಬಿನೊಳಗಿನ ಕಪಾಟಿಗೊಂದು, ಕಪಾಟಿನೊಳಗಿನ ಖಾನೆಗೊಂದು, ಪ್ರೊಜೆಕ್ಟರಿನ ರಿಮೋಟು ಇಟ್ಟ ಡಬ್ಬಕ್ಕೊಂದು ಎಂದು ಬೀಗದಕೈಗಳ ಗೊಂಚಲು ಪ್ಯಾಂಟಿನ ಕಿಸೆಯನ್ನು ಒಂದು ಬದಿಗೆ ಜಗ್ಗಿರುತ್ತದೆ. ಕುತ್ತಿಗೆಯಲ್ಲಿ ಪೆನ್‌ಡ್ರೈವ್. ಸ್ಕೂಲ್ ಐಟಿ ಕೋಆರ್ಡಿನೇಟರ್ ಎಂಬುದನ್ನು ಮೊಟಕು ಮಾಡಿದರೆ ಎಸ್‌ಐಟಿಸಿ. ಮೂಲತಃ ಅವರು ಗಣಿತದವರೋ ಹಿಂದಿಯವರೋ ಆಗಿರುತ್ತಾರೆ. ಎಂದೋ ಒಂದು ದಿನ ಹೆಡ್‌ಮಾಷ್ಟ್ರ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದೆ ಎಳೆದು ತೆಗೆದುಕೊಟ್ಟಿರುತ್ತಾರೆ. ಆ ಪುಣ್ಯದ ಫಲವನ್ನು ಇವತ್ತಿಗೂ ಉಣ್ಣುತ್ತಿರುತ್ತಾರೆ.

ನಾನು ಕನ್ನಡ ಪಾಠದವನು, ಇಂಥವರೊಬ್ಬರ ಪಕ್ಕದ ಕುರ್ಚಿಯವನು. ಹಾಗಾಗಿ ಮಾತಾಡುವ ಅಧಿಕಾರ ಸ್ವಲ್ಪ ಉಂಟು.

ಅವರ ತಲೆಯ ಮೇಲಿನ ಹೊರೆ ಸಣ್ಣದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಎಂದು 2001ರಲ್ಲಿ ಶುರುವಾದ ಯೋಜನೆ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಅದರ ಕೈಯಲ್ಲಿ 4,752 ಶಾಲೆಗಳ 45,000 ಕ್ಲಾಸುಗಳು ಹೈಟೆಕ್ ಆದವು. ಸಾರ್ವಜನಿಕ ಶಿಕ್ಷಣ ಪೂರ್ತಿ ಡಿಜಿಟಲ್ ಆಯಿತೆಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ 2020ರ ಅಕ್ಟೋಬರ್ 12ರಂದು ಘೋಷಿಸುವ ಹೊತ್ತಿಗೆ ಶಾಲೆಗಳಿಗೆ ಬಂದಿಳಿದ ಲ್ಯಾಪ್‌ಟಾಪುಗಳೇ 1.19 ಲಕ್ಷ. ರಾಜ್ಯಕ್ಕೆ ಅದು ಹೆಮ್ಮೆ. ಮಾಷ್ಟ್ರಿಗೆ ಅದು ಸ್ಟಾಕ್ ರಿಜಿಸ್ಟರು: ಕ್ರಮಸಂಖ್ಯೆ, ಸೀರಿಯಲ್ ನಂಬರು, ಬಂದ ತಾರೀಕು, ಷರಾ. ಆ ಷರಾದ ಕಾಲಂ ಖಾಲಿಯಾಗಿಯೇ ಉಳಿಯಬೇಕು ಎಂಬುದೊಂದೇ ಅವರ ಜೀವನದ ಗುರಿ.

ನಿಯಮಗಳೆಲ್ಲ ಇಳಿದು ಬರುವುದು ತಿರುವನಂತಪುರದಿಂದ, 550 ಕಿಲೋಮೀಟರಿಗೂ ಮಿಕ್ಕಿದ ದಾರಿ. ಕೈಟ್‌ನ ಮುಖ್ಯ ಕಚೇರಿ ಇರುವುದು ಪೂಜಪ್ಪುರದಲ್ಲಿ. ಅದೇ ಪೂಜಪ್ಪುರದಲ್ಲಿ ಸೆಂಟ್ರಲ್ ಜೈಲೂ ಉಂಟು. ನಮ್ಮ ಕಡೆಯ ಹೆತ್ತವರು ಪೇಪರು ಓದಿ ತಿಳಿದ ಪೂಜಪ್ಪುರ ಜೈಲಿನದು, ಕಚೇರಿಯದಲ್ಲ. ಈ ಗೊಂದಲವನ್ನು ಬಗೆಹರಿಸುವ ಗೋಜಿಗೆ ಮಾಷ್ಟ್ರು ಹೋದವರಲ್ಲ. "ಇದು ಕೆಳಗೆ ಬಿದ್ದರೆ ನಾನು ಪೂಜಪ್ಪುರಕ್ಕೆ ಬರೆಯಬೇಕಾಗುತ್ತದೆ" ಎಂದು ಅವರು ತಣ್ಣಗೆ ಹೇಳಿದರೆ, ಎಂಟನೆಯ ಕ್ಲಾಸಿನ ಪೋಕರಿಯ ಅಪ್ಪ ಕೂಡ ಎದ್ದು ನಿಂತು ಮುಂಡು ಇಳಿಬಿಡುತ್ತಾನೆ.

ಲ್ಯಾಪ್‌ಟಾಪುಗಳು ಕಪಾಟಿನಲ್ಲಿದ್ದಷ್ಟು ಕಾಲ ಎಲ್ಲವೂ ಸುಖವಾಗಿತ್ತು. ಕೋವಿಡ್ ಬಂತು, ಸುಖ ಹೋಯಿತು. 2020ರ ಜೂನ್ 1ರಂದು ಕೈಟ್‌ನ ವಿಕ್ಟರ್ಸ್ ಟಿವಿ ಚಾನೆಲಿನಲ್ಲಿ ಫಸ್ಟ್ ಬೆಲ್ ಎಂಬ ಪಾಠ ಶುರುವಾಯಿತು. ಮನೆಯಲ್ಲಿ ಟಿವಿ ಇಲ್ಲದ ಮಕ್ಕಳಿಗೆ ಶಾಲೆಯ ಲ್ಯಾಪ್‌ಟಾಪು, ಪ್ರೊಜೆಕ್ಟರುಗಳನ್ನೇ ಊರೊಳಗೆ ಕೊಂಡುಹೋಗಿ ತೋರಿಸಿ ಎಂದಾಯಿತು. ಮಾಷ್ಟ್ರು ಕೊಂಡುಹೋದರು. ಆದರೆ ಬಿಟ್ಟುಬರಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳು ಪರದೆ ನೋಡುತ್ತಿದ್ದರು, ಮಾಷ್ಟ್ರು ಮಕ್ಕಳನ್ನು ನೋಡುತ್ತಿದ್ದರು. ಹೀಗೆ ಕಾವಲು ಕೂತು ಕೂತು ಒಂದನೆಯ ಕ್ಲಾಸಿನ ಪಾಠವೆಲ್ಲ ಅವರಿಗೆ ಬಾಯಿಪಾಠವಾಯಿತು.

ನಿಜವಾದ ಪರೀಕ್ಷೆ ಬಂದದ್ದು ಮರುವರ್ಷ, ವಿದ್ಯಾಕಿರಣಂ ಯೋಜನೆಯಲ್ಲಿ. ಲ್ಯಾಪ್‌ಟಾಪು ಶಾಲೆಯದೇ, ಮಕ್ಕಳು ಲೈಬ್ರರಿ ಪುಸ್ತಕದಂತೆ ಮನೆಗೆ ಒಯ್ದು ಬಳಸಿ ಮರಳಿಸಬೇಕು, ಹೆತ್ತವರು ಕರಾರಿಗೆ ಸಹಿ ಹಾಕಬೇಕು. 'ಲೈಬ್ರರಿ ಪುಸ್ತಕದಂತೆ' ಎಂಬಲ್ಲಿಗೆ ಬಂದಾಗ ಮಾಷ್ಟ್ರ ಮುಖ ಬಿಳುಪೇರಿತು. ನಮ್ಮ ಲೈಬ್ರರಿ ಪುಸ್ತಕಗಳ ಗತಿ ಅವರಿಗೆ ಗೊತ್ತು. ಲೈಬ್ರರಿಯ ಚಾರ್ಜು ಇದ್ದದ್ದು ನನಗೆ.

ಹೆತ್ತವರ ಸಭೆ ಕರೆದರು. ಮಾಷ್ಟ್ರ ಕೈಯಲ್ಲಿದ್ದದ್ದು ಮಲೆಯಾಳದ ಪ್ರತಿ, ಎದುರಿಗಿದ್ದವರು ಕನ್ನಡದವರು, ತುಳುವಿನವರು. ಮಾಷ್ಟ್ರು ಒಂದೊಂದೇ ಸಾಲು ನೋಡಿ ಕನ್ನಡದಲ್ಲಿ ಹೇಳುತ್ತ ಹೋದರು. ಕಾಗದ ಒಂದೇ ಹಾಳೆ. ಮಾಷ್ಟ್ರ ಕನ್ನಡ ಮುಕ್ಕಾಲು ಗಂಟೆಯಾದರೂ ಮುಗಿಯಲಿಲ್ಲ. ಊಟದ ಮನೆಗೆ ತರಬಾರದು. ಗುಡುಗಿದರೆ ವಯರು ಎಳೆಯಬೇಕು. ನೆಂಟರ ಮಕ್ಕಳಿಗೆ ತೋರಿಸಬಾರದು. ಮುಚ್ಚುವಾಗ ಒಳಗೆ ಪೆನ್ಸಿಲ್ ಉಂಟಾ ಎಂದು ನೋಡಬೇಕು. ಮೇಲೆ ಬೆಕ್ಕು ಮಲಗಬಾರದು.

"ಅದು ಕೂಡ ಬರೆದುಂಟಾ ಮಾಷ್ಟ್ರೇ?" ಹಿಂದಿನ ಬೆಂಚಿನಿಂದ ಒಬ್ಬರು ತಾಯಿ ಕೇಳಿದರು.

"ಬರೆದುಂಟು."

"ಬೆಕ್ಕು ಅಂತಲೇ?"

"ಸಾಕುಪ್ರಾಣಿ ಅಂತ," ಎಂದು ಮಾಷ್ಟ್ರು ಹಾಳೆ ಮಡಚಿದರು.

ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜ ಮೊಮ್ಮಗಳ ಪರವಾಗಿ ಬಂದವರು. "ಇಷ್ಟೆಲ್ಲ ಉಪದ್ರ ಇದ್ದರೆ ಇದು ನಮಗೆ ಬೇಡ ಮಾಷ್ಟ್ರೇ, ನೀವೇ ಇಟ್ಟುಕೊಳ್ಳಿ" ಎಂದುಬಿಟ್ಟರು. ಆ ಸಭೆಯಲ್ಲಿ ಮಾಷ್ಟ್ರ ಮುಖ ಅರಳಿದ್ದು ಅದೊಂದೇ ಸಲ. ಆದರೆ ಹಾಗೆ ಇಟ್ಟುಕೊಳ್ಳಲಿಕ್ಕೆ ಪೂಜಪ್ಪುರದಲ್ಲಿ ಅವಕಾಶವಿರಲಿಲ್ಲ. ಮೊಮ್ಮಗಳು ಸಹಿಯ ಜಾಗ ತೋರಿಸಿದಳು, ಅಜ್ಜ ಹಾಕಿದರು.

ಕೊಟ್ಟದ್ದು ತಪಾಸಣೆಗೆ ಬರುವ ದಿನ ನೋಡಬೇಕು ನೀವು. ಲ್ಯಾಬಿನ ಹೊರಗೆ ಮೇಜು. ಮೇಜಿನ ಮೇಲೆ ಟಾರ್ಚು, ಹಳೆಯ ಪೈಂಟಿಂಗ್ ಬ್ರಶ್ಶು, ಹತ್ತಿ, ರಿಜಿಸ್ಟರು. ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಮಾಷ್ಟ್ರು ಲ್ಯಾಪ್‌ಟಾಪನ್ನು ಮಗುಚಿ ಹಿಡಿದು ಮೆಲ್ಲಗೆ ಬಡಿಯುತ್ತಾರೆ. ಏನು ಉದುರುತ್ತದೆ ಎಂಬುದರ ಮೇಲೆ ಅದು ಯಾವ ಮನೆಗೆ ಹೋಗಿತ್ತೆಂದು ಹೆಸರು ಕೇಳದೆ ಹೇಳಬಲ್ಲರು. ಹೊಗೆಸೊಪ್ಪಿನ ಹುಡಿ ಉದುರಿದರೆ ಬೀಡಿ ಕಟ್ಟುವ ಮನೆ. ಮುಚ್ಚಳದ ಮೇಲೆ ಚೊಗರಿನ ಕಲೆ ಇದ್ದರೆ ಅಡಿಕೆ ಸುಲಿಯುವಲ್ಲಿ ಇಟ್ಟದ್ದು. ಎಂಟರ್ ಕೀ ಒತ್ತಿದ್ದು ಮೇಲೆ ಬಾರದಿದ್ದರೆ ಮೂಸಿ ನೋಡುತ್ತಾರೆ: ಹಲಸಿನ ಮೇಣ. "ಸೊಳೆ ಬಿಡಿಸಿದ ಕೈಯಲ್ಲಿ ಮುಟ್ಟಿದೆಯಲ್ಲ?" "ಇಲ್ಲ ಸರ್, ಅಣ್ಣ ಮುಟ್ಟಿದ್ದು." "ಕರಾರಿನಲ್ಲಿ ಅಣ್ಣ ಇಲ್ಲ." ಮೇಣಕ್ಕೆ ಮದ್ದು ಕೊಬ್ಬರಿ ಎಣ್ಣೆ ಎಂದು ಊರಿಗೆಲ್ಲ ಗೊತ್ತು. ಆದರೆ ಎಣ್ಣೆ ಬಿಟ್ಟರೆ ವಾರಂಟಿ ಹೋಗುತ್ತದೆಯೋ ಎಂಬ ಪ್ರಶ್ನೆಗೆ ಯಾವ ಸುತ್ತೋಲೆಯಲ್ಲೂ ಉತ್ತರವಿಲ್ಲ. ಮಾಷ್ಟ್ರು ಅತ್ತಿತ್ತ ನೋಡಿ, ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಒಂದೇ ಒಂದು ಹನಿ ಮುಟ್ಟಿಸುತ್ತಾರೆ.

ನವರಾತ್ರಿಯಲ್ಲಿ ಇನ್ನೊಂದು ಕಷ್ಟ. ಕೇರಳದಲ್ಲಿ ಪುಸ್ತಕಗಳನ್ನು ಪೂಜೆಗೆ ಇಟ್ಟರೆ ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಮಕ್ಕಳಿಗೆ ಅಷ್ಟೇ ಬೇಕಾಗಿರುವುದು. ಹತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಲ್ಯಾಪ್‌ಟಾಪನ್ನೂ ಇಟ್ಟಳು, ಐಟಿ ಪ್ರಾಕ್ಟಿಕಲ್ ಅಭ್ಯಾಸ ತಪ್ಪಿತು. ಮರಳಿ ಬಂದಾಗ ತೆರೆದ ಕೀಬೋರ್ಡಿನ ಮೇಲೆ ಕುಂಕುಮ, ಅಕ್ಷತೆ, ಒಂದು ದಾಸವಾಳದ ಎಸಳು. ಮಾಷ್ಟ್ರು ದೈವಭಕ್ತರು. ಬೈಯಲಿಕ್ಕೆ ಬಾಯಿ ಬಾರದು, ಬಿಡಲಿಕ್ಕೆ ಮನಸ್ಸಿಲ್ಲ. "ಮುಂದಿನ ವರ್ಷದಿಂದ ಚಾರ್ಜರಿಗೆ ಪೂಜೆ ಮಾಡಿದರೆ ಸಾಕು" ಎಂದು ತೀರ್ಪು ಕೊಟ್ಟರು.

ಈ ಮನುಷ್ಯನಲ್ಲಿ ನನಗೆ ಬಿಡಿಸಲಾಗದ ಒಗಟೊಂದು ಉಂಟು. ಅವರು ಸ್ವತಂತ್ರ ತಂತ್ರಾಂಶದ ಕಟ್ಟಾ ಅಭಿಮಾನಿ. ಕೇರಳದ ಶಾಲೆಗಳ ಯಂತ್ರಗಳಲ್ಲಿ ಇರುವುದು ಉಬುಂಟು ಆಧರಿಸಿ ಕೈಟ್ ಮಾಡಿಕೊಂಡ ಲಿನಕ್ಸ್. ಯಾವ ಹುಡುಗನಾದರೂ "ಸರ್, ಇದರಲ್ಲಿ ವಿಂಡೋಸ್ ಹಾಕಬಹುದಾ?" ಎಂದರೆ ಮುಗಿಯಿತು, ಆ ಪೀರಿಯಡು ಹೋಯಿತು. 2001ರಲ್ಲಿ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದಲ್ಲಿಂದ ಶುರು. ತಂತ್ರಾಂಶ ಎಂದರೆ ಯಾರೂ ಬಿಚ್ಚಿ ನೋಡಬಹುದು, ತಿದ್ದಬಹುದು, ನೆರೆಯವನಿಗೆ ಹಂಚಬಹುದು, ಬೀಗ ಹಾಕುವುದೇ ಅನ್ಯಾಯ ಎಂದು ಗಂಟಲು ಕಟ್ಟುವವರೆಗೆ ಹೇಳುತ್ತಾರೆ. ಗಂಟೆ ಹೊಡೆದ ಕೂಡಲೇ ಲ್ಯಾಪ್‌ಟಾಪುಗಳನ್ನು ಎಣಿಸಿ ಒಳಗಿಟ್ಟು ಮೂರು ಬೀಗ ಜಡಿಯುತ್ತಾರೆ. ನಾನು ಇದನ್ನು ಒಮ್ಮೆ ಎತ್ತಿ ಆಡಿದೆ. "ಕೋಡಿಗೆ ಆಡಿಟ್ ಇಲ್ಲ ಮಾರಾಯ್ರೇ" ಎಂದರು. ಆ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಳಸಿದರೆ ಸವೆಯುತ್ತದೆ ಎಂದು ಸರಕಾರಕ್ಕೂ ಗೊತ್ತು, ವಾರಂಟಿ ಕೊಟ್ಟದ್ದು ಅದಕ್ಕೇ. ದೂರು ಕೊಟ್ಟು ಎರಡು ದಿನದಲ್ಲಿ ಸರಿಮಾಡದ ಕಂಪೆನಿಗೆ ದಿನಕ್ಕೆ 100 ರೂಪಾಯಿ ದಂಡವೂ ಇತ್ತು. ಆದರೆ ದೂರು ಕೊಡಬೇಕಾದರೆ ಹಾಳಾಗಿದೆ ಎಂದು ಬರೆಯಬೇಕಲ್ಲ. ಷರಾದ ಕಾಲಂ ಇರುವುದು ಅಲ್ಲೇ.

ಹಾಗಾಗಿ ಅರ್ಧ ರಿಪೇರಿಯೆಲ್ಲ ಲಿಟ್ಲ್ ಕೈಟ್ಸ್ ಎಂಬ ಶಾಲೆಯ ಐಟಿ ಕ್ಲಬ್ಬಿನ ಮಕ್ಕಳದು. ಶಬ್ದ ಬಾರದ ಸ್ಪೀಕರು, ವೈಫೈ ಹಿಡಿಯದ ಯಂತ್ರ, ಎಲ್ಲವನ್ನೂ ಒಂಬತ್ತನೆಯ ಕ್ಲಾಸಿನ ಒಬ್ಬಳು ಟರ್ಮಿನಲ್ ತೆರೆದು ನಾಲ್ಕು ಸಾಲು ಹೊಡೆದು ಸರಿಮಾಡುತ್ತಾಳೆ. ಆಗ ಮಾಷ್ಟ್ರು ಹಿಂದೆ ನಿಂತು, "ಹಾಗೆ ಹೊಡೀಬಾರದು, ಮೆಲ್ಲ ಒತ್ತು" ಎಂದು ಕೀಬೋರ್ಡಿನ ಪರವಾಗಿ ಮಾತಾಡುತ್ತಾರೆ.

ಅವಳು ಒಮ್ಮೆ ಕೊಚ್ಚಿಯ ಇಡಪ್ಪಳ್ಳಿಯಲ್ಲಿರುವ ಕೈಟ್ ಕೇಂದ್ರದ ರಾಜ್ಯ ಶಿಬಿರಕ್ಕೆ ಆಯ್ಕೆಯಾದಳು. ಅಪ್ಪ ಅಮ್ಮನಿಗೆ ಪುರುಸೊತ್ತಿಲ್ಲದೆ ಒಬ್ಬ ಟೀಚರ್ ಜೊತೆಗೆ ಹೊರಟರು, ಲ್ಯಾಪ್‌ಟಾಪಿನ ಜೊತೆಗೆ ಮಾಷ್ಟ್ರು ಹೊರಟರು. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ಬ್ಯಾಗಿನ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಮಲಗಿದವರು ಶೊರನೂರಿನಲ್ಲಿ ಎದ್ದು ಎಣಿಸಿದರಂತೆ. ಇದ್ದದ್ದೇ ಒಂದು ಲ್ಯಾಪ್‌ಟಾಪು, ಆದರೂ ಎಣಿಸಿದರು. ಎರ್ನಾಕುಲಂ ಟೌನಿನಲ್ಲಿ ಕತ್ತಲಿರುವಾಗಲೇ ಇಳಿದು, ಮೆಟ್ರೊ ಹತ್ತಿ ಇಡಪ್ಪಳ್ಳಿ. ಸ್ಟೇಷನ್ನಿಗೆ ತಾಗಿಕೊಂಡೇ ಲುಲು ಮಾಲ್. ಸಂಜೆ ಹುಡುಗಿಗೆ ಅದನ್ನು ತೋರಿಸುವ ಎಂದು ಟೀಚರ್ ಹೊರಟರೆ, ಒಳಗಿನ ಸೂಪರ್ ಮಾರ್ಕೆಟಿನ ಬಾಗಿಲಲ್ಲಿ ಬ್ಯಾಗು ಕೌಂಟರಿಗೆ ಕೊಡಬೇಕು ಎಂದರು. ಮಾಷ್ಟ್ರು ಕೊಡಲಿಲ್ಲ. ಅವರಿಬ್ಬರು ಒಳಗೆ ಹೋಗಿ ಬಿಸ್ಕತ್ತು ತರುವವರೆಗೆ ಹೊರಗೆ ನಿಂತರು. ಕೊಚ್ಚಿಯಲ್ಲಿ ಏನು ನೋಡಿದಿರಿ ಎಂದು ಆಮೇಲೆ ನಾವು ಕೇಳಿದರೆ, "ಅಲ್ಲಿಯ ಕೇಂದ್ರದಲ್ಲಿ ಕಪಾಟು ಚೆನ್ನಾಗುಂಟು" ಎಂದರು.

ಕಳೆದ ಜೂನಿನಲ್ಲಿ ಅವರಿಗೆ ವರ್ಗವಾಯಿತು. ಚಾರ್ಜು ಹಸ್ತಾಂತರಕ್ಕೆ ಹೊಸಬರಾದ ಎಳೆಯ ಟೀಚರೊಬ್ಬರು ರಿಜಿಸ್ಟರು ಹಿಡಿದು ಕೂತರು. ಲ್ಯಾಪ್‌ಟಾಪುಗಳೆಲ್ಲ ಸರಿ, ಚಾರ್ಜರುಗಳು ಸರಿ, ಎಚ್‌ಡಿಎಂಐ ವಯರುಗಳು ಸರಿ. ಒಂದು ಮೌಸ್ ಕಡಿಮೆ. ಮಾಷ್ಟ್ರು ಆ ರಾತ್ರಿ ಊಟ ಬಿಟ್ಟರಂತೆ. ಮರುದಿನ ಕಾಸರಗೋಡು ಪೇಟೆಗೆ ಹೋಗಿ ಕೈಯಿಂದ ದುಡ್ಡು ಹಾಕಿ ಅದೇ ಬಣ್ಣದ ಮೌಸ್ ತಂದಿಟ್ಟರು. ಲೆಕ್ಕ ಕೂಡಿತು. ಸಹಿಗೆ ಪೆನ್ನು ತೆಗೆಯುವಷ್ಟರಲ್ಲಿ ಅಡುಗೆಯ ಹೆಂಗಸು ಅಕ್ಕಿಯ ಗೋಣಿಯ ಹಿಂದಿನಿಂದ ಕಳೆದುಹೋದ ಮೌಸನ್ನು ಬಾಲ ಹಿಡಿದು ತಂದಳು.

"ಒಳ್ಳೆಯದಾಯಿತಲ್ಲ, ಒಂದು ಹೆಚ್ಚು ಇರಲಿ" ಎಂದರು ಹೆಡ್‌ಮಾಷ್ಟ್ರು.

ಹೊಸ ಟೀಚರ್ ರಿಜಿಸ್ಟರು ಮುಚ್ಚಿದರು. "ಕಡಿಮೆ ಇದ್ದರೆ ಕಳೆದುಹೋಯಿತು ಅಂತ ಬರೆಯಬಹುದು ಸರ್. ಹೆಚ್ಚಿದ್ದರೆ ಎಲ್ಲಿಂದ ಬಂತು ಅಂತ ಏನು ಬರೆಯುವುದು? ನಾನು ತೆಗೆದುಕೊಳ್ಳುವುದಿಲ್ಲ."

ಮಾಷ್ಟ್ರು ಆಕೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿಸೆಯಿಂದ ಬೀಗದಕೈಗಳ ಗೊಂಚಲನ್ನು ತೆಗೆದು, ಯಾವುದು ಯಾವುದರದೆಂದು ವಿವರಿಸದೆಯೇ, ಆಕೆಯ ಕೈಗೆ ಕೊಟ್ಟುಬಿಟ್ಟರು.