ಸರಾಸರಿ ತಿಂಗಳಿನ ಸುಖ

"ಹೀಟರ್ ಖರ್ಚು ಇಲ್ಲವೇ ಇಲ್ಲ ಅನ್ನಿ ಸಾರ್, ಪಿಂಚಣಿ ಧಾರಾಳ ಸಾಕು," ಎನ್ನುತ್ತಾರೆ ಫೀನಿಕ್ಸ್‌ನ ಮನೆ ದಲ್ಲಾಳಿ. ಪೂರ್ತಿ ಸುಳ್ಳಲ್ಲ. ಈ ಊರಿರುವ ಅರಿಜೋನಾ ರಾಜ್ಯ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ಹಣಕ್ಕೆ ತೆರಿಗೆ ಹಾಕುವುದಿಲ್ಲ. 1960ರಲ್ಲಿ ನಿವೃತ್ತರ ಬಡಾವಣೆ ಸನ್ ಸಿಟಿ ಶುರುವಾದಾಗಿನಿಂದ ಇಲ್ಲಿ ಅವರಿಗೆ ಬಿಸಿಲನ್ನೇ ಮಾರುತ್ತಿದ್ದಾರೆ. "ಕರೆಂಟ್ ಬಿಲ್ಲು?" "ವರ್ಷದ ಸರಾಸರಿ ನೋಡಿ ಸಾರ್." ಕೈಚಳಕ ಇರುವುದೇ ಇಲ್ಲಿ. ಸರಾಸರಿ ತಿಂಗಳಲ್ಲಿ ಯಾರೂ ಬಾಳುವುದಿಲ್ಲ, ಜುಲೈನಲ್ಲಿ ಬಾಳಬೇಕು. 2023ರಲ್ಲಿ ಸತತ 31 ದಿನ ಇಲ್ಲಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಆ ವರ್ಷ ಫೀನಿಕ್ಸ್ ಸೇರಿದ ಮಾರಿಕೋಪಾ ಕೌಂಟಿಯಲ್ಲಿ ಬಿಸಿಲಿನ ಸಾವುಗಳು 645.

"ಬಿಲ್ಲನ್ನು ಹನ್ನೆರಡು ಸಮ ಕಂತು ಮಾಡಿಸಿಕೊಳ್ಳಬಹುದಲ್ಲ?" ಮಾಡಿಸಿಕೊಳ್ಳಬಹುದು. ಎಸಿ ಕಂಪ್ರೆಸರ್ ಮಾತ್ರ ಕಂತಿನಲ್ಲಿ ಕೆಡುವುದಿಲ್ಲ. ಒಂದೇ ಏಟಿಗೆ, ಅದೂ ನಡು ಬೇಸಿಗೆಯಲ್ಲಿ, ಸಾವಿರಾರು ಡಾಲರ್ ನುಂಗುತ್ತದೆ. "ನೀರಿನ ಕೂಲರ್ ಅಗ್ಗ, ಇದು ಒಣ ಬಿಸಿಲು." ಜೂನ್‌ನಲ್ಲಿ ಸರಿ. ಜುಲೈನಲ್ಲಿ ಮಾನ್ಸೂನ್ ತೇವ ಬಂತೆಂದರೆ ಕೂಲರ್ ಬರೀ ಫ್ಯಾನು. "ಬಾಕಿ ಇದ್ದರೂ ಬೇಸಿಗೆಯಲ್ಲಿ ಕರೆಂಟ್ ಕೀಳುವುದಿಲ್ಲ." ಹೌದು, 2019ರಿಂದ. ಅದರ ಹಿಂದಿನ ವರ್ಷ ಸುಮಾರು 51 ಡಾಲರ್ ಬಾಕಿಗಾಗಿ ಕರೆಂಟ್ ಕಿತ್ತ ಮನೆಯಲ್ಲಿ ವೃದ್ಧೆಯೊಬ್ಬರು ಸತ್ತ ಮೇಲೆ ಬಂದ ಕರುಣೆ ಅದು. ಕರೆಂಟ್ ಉಳಿಯುತ್ತದೆ, ಸಾಲವೂ ಉಳಿಯುತ್ತದೆ. ಆದ್ದರಿಂದ ಬಜೆಟ್ಟನ್ನು ಜುಲೈನಿಂದ ಶುರುಮಾಡಿ, ರಿಪೇರಿ ದುಡ್ಡನ್ನು ಬೇರೆ ಇಟ್ಟು, ಉಳಿದದ್ದರಲ್ಲಿ ಗಾಲ್ಫ್ ಆಡುವುದು ಲೇಸು. "ಅಷ್ಟೊಂದು ಭಯವಿದ್ದರೆ ಬೇಸಿಗೆಗೆ ಫ್ಲ್ಯಾಗ್‌ಸ್ಟಾಫ್ ಬೆಟ್ಟಕ್ಕೆ ಹೋಗಿಬಿಡಿ ಸಾರ್." "ಉಳಿಯೋದೆಲ್ಲಿ?" "ಅಲ್ಲೂ ಒಂದು ಮನೆ ತೋರಿಸ್ತೀನಿ."