ಅಸೆಂಬಲ್ಡ್ ರಾಯರು

ಕಂಪ್ಯೂಟರು ಪೂರ್ತಿ ತಯಾರಾಗಿಯೇ ಅಂಗಡಿಯಲ್ಲಿ ಸಿಗುತ್ತದೆಂಬುದು ಅಸೆಂಬಲ್ಡ್ ರಾಯರಿಗೆ ಗೊತ್ತಿಲ್ಲದ್ದೇನಲ್ಲ. ಹಾಗೆ ಕೊಂಡವರನ್ನು ಕಂಡರೆ ಅವರಿಗೆ ಕನಿಕರ. "ಬ್ರ್ಯಾಂಡೆಡ್ಡಾ? ಪಾಪ" ಎನ್ನುತ್ತಾರೆ. ಅವರದು ಸ್ವಹಸ್ತದ್ದು. ಸ್ವಹಸ್ತ ಆಗಾಗ ಬೇಕಾಗುತ್ತದೆ ಅಂತಲೇ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿದ್ದು ಮತ್ತೆ ಹಾಕಿಲ್ಲ. ಸದ್ಯ ಅದರ ಮೇಲೆ ತಾರಸಿಯಲ್ಲಿ ಸಂಡಿಗೆ ಒಣಗುತ್ತಿದೆ.

ನಿಮ್ಮ ಬಡಾವಣೆಯಲ್ಲೂ ಒಬ್ಬರಿದ್ದಾರೆ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನ ಅಂಗಡಿಯಂಗಡಿಗೂ ಚೀಟಿ ಹಿಡಿದು ಅಲೆದು ರೇಟು ಬರೆಸಿಕೊಂಡಿರುತ್ತಾರೆ. ಪ್ರೊಸೆಸರಿಗೆ ಕೈಬಿಚ್ಚಿ ಕೊಡುತ್ತಾರೆ. ಬಣ್ಣಬಣ್ಣದ ದೀಪದ ಫ್ಯಾನಿಗೂ ಕೊಡುತ್ತಾರೆ. ಕೊನೆಗೆ ಚೌಕಾಸಿಯ ಪಟ್ಟು ಹಾಕುವುದು ಒಂದೇ ಕಡೆ, ಇಡೀ ಯಂತ್ರಕ್ಕೆ ಕರೆಂಟು ಹಂಚುವ ಡಬ್ಬಿಯ ಮೇಲೆ: "ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಕೊಟ್ಬಿಡಪ್ಪ." ಅಂಗಡಿಯವನು ತಕ್ಷಣ ಒಪ್ಪಿದ. ಎಸ್.ಪಿ. ರೋಡಿನಲ್ಲಿ ಯಾರಾದರೂ ತಕ್ಷಣ ಒಪ್ಪಿದರೆ ಹೆದರಬೇಕು. ರಾಯರು ಹಿಗ್ಗಿದರು.

ಈ ಯಂತ್ರ ಸಂಜೆ ಕರೆದ ಕೂಡಲೇ ಏಳುತ್ತದೆ. ಬೆಳಿಗ್ಗೆ ಮಾತ್ರ ಫ್ಯಾನು ತಿರುಗುತ್ತದೆ, ದೀಪಗಳು ಜಗಜಗಿಸುತ್ತವೆ, ಪರದೆ ಕಪ್ಪಗಿರುತ್ತದೆ. ಮುಂದಿನ ಗುಂಡಿಯ ಮೇಲೆ ಅನುಮಾನ ಬಂದು ಅದನ್ನು ಎಂದೋ ಕಿತ್ತಾಯಿತು. ಈಗ ಬೋರ್ಡಿನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತಾಗಿಸಿಯೇ ಸ್ಟಾರ್ಟು.

"ರೀ, ಕರೆಂಟ್ ಬಿಲ್ಲಿಗೆ ಇವತ್ತೇ ಕೊನೇ ದಿನ."

"ಇರೇ, ರ್‍ಯಾಮ್ ಉಜ್ಜಿ ಕಟ್ಬಿಡ್ತೀನಿ."

ಮಗನ ಜಾಮಿಟ್ರಿ ಬಾಕ್ಸಿನ ರಬ್ಬರಿನಿಂದ ರ್‍ಯಾಮಿನ ಚಿನ್ನದ ಹಲ್ಲುಗಳನ್ನು ಉಜ್ಜುವ ಹೊತ್ತಿಗೆ ಅವರ ಮುಖದಲ್ಲಿ ಸಂಧ್ಯಾವಂದನೆಯ ಗಾಂಭೀರ್ಯ. ಆಕೆ ಒಗ್ಗರಣೆ ಹಾಕುತ್ತಲೇ ಮೊಬೈಲಿನಲ್ಲಿ ಬಿಲ್ಲು ಕಟ್ಟಿರುತ್ತಾರೆ. ರಬ್ಬರಿನ ಉಪಾಯ ಸುಳ್ಳಲ್ಲ, ಕಿಲುಬು ಹಿಡಿದಿದ್ದರೆ ಕೆಲಸ ಮಾಡುತ್ತದೆ. ಹಿಡಿಯಲು ರಾಯರು ಅವಕಾಶವನ್ನೇ ಕೊಟ್ಟಿಲ್ಲ.

ಬೀಪ್ ಬಂತೋ, ಪಂಚಾಂಗದಲ್ಲಿ ಹಲ್ಲಿ ಶಕುನ ನೋಡುವವರ ಹಾಗೆ ಬೀಪುಗಳ ಅರ್ಥದ ಪಟ್ಟಿ ತೆರೆಯುತ್ತಾರೆ. ಒಂದು ಉದ್ದ, ಎರಡು ಗಿಡ್ಡ: ಡಿಸ್‌ಪ್ಲೇ ದೋಷ. ಅದು ಅವಾರ್ಡ್ ಕಂಪನಿಯ ಬಯಾಸಿನ, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ತಂತ್ರಾಂಶದ, ಪಟ್ಟಿ; ಇವರ ಬೋರ್ಡಿನಲ್ಲಿರುವುದು ಎಎಂಐ ಕಂಪನಿಯ ಬಯಾಸು. ಒಬ್ಬರ ಬೀಪಿಗೆ ಇನ್ನೊಬ್ಬರ ಅರ್ಥ ಹೊಂದಬೇಕೆಂದೇನೂ ಇಲ್ಲ. ಹಾಗೆ ಓದಿಯೇ ರಾಯರು ಗ್ರಾಫಿಕ್ಸ್ ಕಾರ್ಡು ಬದಲಾಯಿಸಿದ್ದು.

ಅವರ ನಿಜವಾದ ತೊಂದರೆ ಅಜ್ಞಾನವಲ್ಲ, ಆತುರ. ಒಂದನ್ನು ಬದಲಿಸಿ ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕುವುದು ಅವರಿಂದಾಗದು. ರ್‍ಯಾಮ್ ಉಜ್ಜಿ, ಸಿಆರ್2032 ಬಟನ್ ಸೆಲ್ ಬದಲಿಸಿ, ಕೇಬಲ್ಲು ಅದುಮಿ, ಪ್ಲಗ್ಗನ್ನು ಬೇರೆ ಸಾಕೆಟ್ಟಿಗೆ ಚುಚ್ಚಿ, ಎಲ್ಲ ಒಟ್ಟಿಗೆ ಮುಗಿಸುತ್ತಾರೆ. ಅಷ್ಟರಲ್ಲಿ ಬಿಸಿಲೇರಿರುತ್ತದೆ, ಕಂಪ್ಯೂಟರು ಎದ್ದುಬಿಡುತ್ತದೆ. ಕೀರ್ತಿ ಯಾವುದಕ್ಕೆ? ಕಾಕತಾಳೀಯ ನ್ಯಾಯದ ಪ್ರಕಾರ, ಕೊನೆಗೆ ಮುಟ್ಟಿದ್ದಕ್ಕೆ. ಹೀಗೆ ಮನೆಯಲ್ಲಿ ವಿಧಿನಿಷೇಧಗಳು ಬೆಳೆದಿವೆ. ಸ್ಟಾರ್ಟು ಮಾಡುವಾಗ ಮಿಕ್ಸಿ ಹಾಕಬಾರದು. ಕ್ಯಾಬಿನೆಟ್ಟನ್ನು ಎಡಕ್ಕೆ ವಾಲಿಸಬೇಕು. ಪೆನ್‌ಡ್ರೈವ್ ಆಮೇಲೆ. ಇವುಗಳಲ್ಲಿ ಒಂದೆರಡಕ್ಕೆ ಕಾರಣವೂ ಇದ್ದೀತು. ಯಾವುದಕ್ಕೆಂದು ಇನ್ನು ಯಾರೂ ಹೇಳಲಾರರು.

ರಜೆಗೆ ಬಂದ ಸೋದರಳಿಯ ಹುಡುಗ ಹೇಳಿದ: "ಮಾವ, ಎಸ್‌ಎಂಪಿಎಸ್ ನೋಡಿದ್ರಾ?"

"ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಹಾಕಿ ನೋಡಿದೀನಿ ಕಣೋ. ಫ್ಯಾನ್ ತಿರುಗ್ತು. ಫಸ್ಟ್ ಕ್ಲಾಸ್!"

ಕ್ಲಿಪ್ಪಿನ ಪರೀಕ್ಷೆ ಹೇಳುವುದು ಹೊರೆಯಿಲ್ಲದಾಗ ಎಸ್‌ಎಂಪಿಎಸ್ ಏಳುತ್ತದೆ ಎಂದಷ್ಟೇ. ಬೋರ್ಡು ಕೇಳಿದಾಗ ಅದು 12, 5, 3.3 ವೋಲ್ಟುಗಳನ್ನು ನೆಟ್ಟಗೆ ಕೊಟ್ಟು, 'ಪವರ್ ಗುಡ್' ಎಂಬ ಸಂಕೇತ ಕಳಿಸಬೇಕು. ಆ ಸಂಕೇತ ಬರುವವರೆಗೆ ಪ್ರೊಸೆಸರು ಕೆಲಸ ಶುರುಮಾಡುವುದಿಲ್ಲ. 12ರ ಲೈನು 11.4ಕ್ಕಿಂತ ಕೆಳಗಿಳಿಯುವಂತಿಲ್ಲ. ಒಳಗಿನ ಕೆಪಾಸಿಟರುಗಳು ಒಣಗಿದ್ದರೆ ಬೆಳಗಿನ ತಂಪಿನಲ್ಲಿ ಇನ್ನಷ್ಟು ಸೊರಗುತ್ತವೆ, ನಾಲ್ಕಾರು ಸಲ ಸ್ಟಾರ್ಟು ಮಾಡಿ ಬೆಚ್ಚಗಾದ ಮೇಲೆ ದಾರಿಗೆ ಬರುತ್ತವೆ. ಹುಡುಗ ಇದನ್ನೆಲ್ಲ ಬಿಡಿಸಿ ಹೇಳಿದ. ಆದರೆ ಪುಕ್ಕಟೆ ಬಂದದ್ದನ್ನು ಅನುಮಾನಿಸುವುದು ರಾಯರ ಸಂಸ್ಕಾರದಲ್ಲಿಲ್ಲ.

ಮರುದಿನ ಹುಡುಗ ಒಳ್ಳೆಯದೊಂದು ಎಸ್‌ಎಂಪಿಎಸ್ ತಂದು ಹಾಕಿದ. ಅಂದಿನಿಂದ ಬೆಳಿಗ್ಗೆಯೂ ಮೊದಲ ಸಲಕ್ಕೇ ಏಳುತ್ತಿದೆ. "ನೋಡಿದ್ಯೇನೇ, ನಿನ್ನೆ ರ್‍ಯಾಮ್ ಉಜ್ಜಿದ್ದು ಹಿಡೀತು" ಎಂದರು ರಾಯರು. ಹಳೆಯ ಎಸ್‌ಎಂಪಿಎಸ್ಸನ್ನು ಒರೆಸಿ ಬೀರುವಿನಲ್ಲಿ ಎತ್ತಿಟ್ಟಿದ್ದಾರೆ. ಕೇಳಿದವರಿಗೆ ಕಂಪ್ಯೂಟರು ಜೋಡಿಸಿಕೊಡಲು ಅವರು ಸದಾ ಸಿದ್ಧ, ಕೂಲಿಯನ್ನೂ ಕೇಳುವುದಿಲ್ಲ. ಕರೆಯಿರಿ, ಕಾಫಿ ಕೊಡಿ. ಎಸ್‌ಎಂಪಿಎಸ್ ಮಾತ್ರ ನೀವೇ ದುಡ್ಡು ಕೊಟ್ಟು, ಬಿಲ್ಲು ಸಮೇತ ತಂದಿಟ್ಟಿರಿ.