ನಿನ್ನೆ ಹಿಡಿದ ನೀರು

ಅನ್ನ ಹಳಸುತ್ತದೆ, ಸಾರು ಹಳಸುತ್ತದೆ. ಬೆಂಗಳೂರಿನ ಮನೆಗಳಲ್ಲಿ ನೀರೂ ಹಳಸುತ್ತದೆ, ಅದೂ ಒಂದೇ ರಾತ್ರಿಯಲ್ಲಿ. ಬೆಳಗಿನ ಜಾವ ಬೀದಿಯಲ್ಲಿ ‘ಕಾವೇರಿ ಬಂತು’ ಅಂತ ಯಾರೋ ಕೂಗಿದರೆ ಸಾಕು, ಅಡುಗೆಮನೆಯಲ್ಲಿ ಮೊದಲು ನಡೆಯುವುದು ನೀರು ಹಿಡಿಯುವ ಕೆಲಸವಲ್ಲ, ಚೆಲ್ಲುವ ಕೆಲಸ. ಸ್ಟೀಲ್ ಡ್ರಮ್ಮಿನಲ್ಲಿ ಅರ್ಧಕ್ಕಿಂತ ಮೇಲಿರುವ ನೀರು, ಎರಡು ಕೊಡ, ಕೊಡದ ಮೇಲಿನ ಬಿಂದಿಗೆ, ಎಲ್ಲವೂ ಸಿಂಕಿಗೆ ಅರ್ಪಣೆ. ಯಾಕೆ ದೊಡ್ಡಮ್ಮ ಅಂದರೆ, ‘ಅದು ನಿನ್ನೆ ನೀರು ಕಣೋ’ ಎಂದು ನನ್ನ ಬುದ್ಧಿಯ ಬಗ್ಗೆಯೇ ಮರುಕಪಡುತ್ತಾರೆ.

ನಿನ್ನೆ ನೀರಂತೆ! ಆ ನೀರಿನ ಜಾತಕ ಬಿಡಿಸಿ ನೋಡಿ. ಹೋದ ಮಳೆಗಾಲದಲ್ಲಿ ಕೊಡಗಿನ ಬೆಟ್ಟದ ಮೇಲೆ ಬಿದ್ದದ್ದು. ಕನ್ನಂಬಾಡಿಯಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಯಿಸುತ್ತ ಕೂತದ್ದು. ದಾರಿಯಲ್ಲಿ ಎಮ್ಮೆಗಳ ಮೈ ತೊಳೆದು, ಶ್ರೀರಂಗಪಟ್ಟಣದಲ್ಲಿ ಎಷ್ಟೋ ಜನರ ಪಾಪ ತೊಳೆದು, ತೊರೆಕಾಡನಹಳ್ಳಿಯಲ್ಲಿ ಸೋಸಿಸಿಕೊಂಡು, ಕ್ಲೋರಿನ್ ಹಾಕಿಸಿಕೊಂಡದ್ದು. ಆಮೇಲೆ ಹಾರೋಹಳ್ಳಿ, ತಾತಗುಣಿ ಅಂತ ಪಂಪಿನಿಂದ ಪಂಪಿಗೆ ದಾಟುತ್ತ, ಸುಮಾರು ನೂರು ಕಿಲೋಮೀಟರ್ ಬಂದು, ಅದರಲ್ಲಿ ಐನೂರು ಮೀಟರಿನಷ್ಟು ಎತ್ತರ ಹತ್ತಿ ನಮ್ಮ ನಲ್ಲಿಗೆ ಇಳಿದದ್ದು. ಎತ್ತಿದ ಕರೆಂಟಿನ ಬಿಲ್ಲು ಬೇರೆ. ಇಷ್ಟು ದಿನ, ಇಷ್ಟು ದೂರ ಕೆಡದ ನೀರು ನಮ್ಮ ಅಡುಗೆಮನೆಯಲ್ಲಿ ಒಂದು ರಾತ್ರಿ ಮಲಗಿದ್ದಕ್ಕೇ ಕೆಟ್ಟುಹೋಯಿತು ಅಂದರೆ, ಅದು ನೀರಿಗೆ ಅವಮಾನವೋ ಅಡುಗೆಮನೆಗೋ ಗೊತ್ತಾಗುತ್ತಿಲ್ಲ.

ಇದೇ ದೊಡ್ಡಮ್ಮ ಹೋದ ವರ್ಷ ತಾಮ್ರದ ಚೊಂಬೊಂದನ್ನು ಕೊಂಡರು. ರಾತ್ರಿ ಅದರಲ್ಲಿ ನೀರು ತುಂಬಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕಣ್ಣು ಮುಚ್ಚಿಕೊಂಡು ಕುಡಿಯುತ್ತಾರೆ. ಅದೂ ನಿನ್ನೆ ನೀರೇ ಅಲ್ಲವೇ ಅಂದೆ. ‘ತಾಮ್ರದ್ದು ಬೇರೆ ಕಣೋ.’ ಒಂದೇ ನಲ್ಲಿಯಲ್ಲಿ, ಒಂದೇ ಗಳಿಗೆಯಲ್ಲಿ ಹುಟ್ಟಿದ ಅವಳಿ ನೀರು. ಸ್ಟೀಲಿಗೆ ಬಿದ್ದದ್ದು ಹಳಸಲು, ತಾಮ್ರಕ್ಕೆ ಬಿದ್ದದ್ದು ಅಮೃತ.

ಮುಚ್ಚಿಟ್ಟ ಪಾತ್ರೆಯಲ್ಲಿ ಯಾರೂ ಕೈ ಅದ್ದದೆ, ಉದ್ದ ಹಿಡಿಯ ಸೌಟಿನಲ್ಲಿ ತೆಗೆದುಕೊಂಡರೆ ನೀರು ಮಾರನೆಯ ದಿನಕ್ಕೆ ಕೆಡುವುದಿಲ್ಲ. ಕುಡಿಯಲು ಅಷ್ಟೂ ಅನುಮಾನವಿದ್ದರೆ ಅದರಲ್ಲಿ ನೆಲ ಒರೆಸಬಹುದು. ಆದರೂ ದೊಡ್ಡಮ್ಮನನ್ನು ಪೂರ್ತಿ ಬೈಯುವಂತಿಲ್ಲ. ಅವರು ಬೆಳೆದ ಹಳ್ಳಿ ಮನೆಯಲ್ಲೂ ದಿನಾ ನೀರು ಚೆಲ್ಲುತ್ತಿದ್ದರು. ಆದರೆ ಅಲ್ಲಿ ಚೆಲ್ಲಿದ್ದಕ್ಕೆಲ್ಲ ಕಾದು ಕೂತವರಿದ್ದರು. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ, ಬಾನಿಯಿಂದ ಹಸುವಿನ ಹೊಟ್ಟೆಗೆ. ಬಚ್ಚಲ ನೀರು ಗೋಡೆಯ ತೂತಿನಿಂದ ನೇರ ಬಾಳೆಯ ಬುಡಕ್ಕೆ. ಪಾತ್ರೆ ತೊಳೆದದ್ದು ಕೆಸುವಿಗೆ. ಕೊಡದ ನಿನ್ನೆ ನೀರು ತುಳಸಿಗೋ ಬಸಳೆ ಚಪ್ಪರಕ್ಕೋ. ನಾವು ಊರು ಬಿಟ್ಟು ಬರುವಾಗ ಚೆಲ್ಲುವ ಅಭ್ಯಾಸವನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದೆವು. ಬಾಳೆಗಿಡವನ್ನೂ ಹಸುವನ್ನೂ ಅಲ್ಲೇ ಬಿಟ್ಟೆವು. ಈಗ ಎಲ್ಲ ನೀರಿಗೂ ಒಂದೇ ಗತಿ, ಒಳಚರಂಡಿ.

ಬಾಳೆಗಿಡವಿಲ್ಲದ ಎರಡನೇ ಮಹಡಿಯಲ್ಲಿ ಏನು ಮಾಡುವುದು? ಪಕ್ಕದ ಮನೆ ರಾಯರು ನಿವೃತ್ತರಾದ ಮೇಲೆ ಇದಕ್ಕೊಂದು ಇಲಾಖೆಯನ್ನೇ ತೆರೆದಿದ್ದಾರೆ. ಅದರ ಆಸ್ತಿಯೆಲ್ಲ ಬಕೆಟ್ಟುಗಳು. ಅವರ ಮನೆಯ ತಾರಸಿಯಲ್ಲಿ ಸೋಲಾರ್ ಇದೆ. ಸೂರ್ಯನ ಶಾಖ ಪುಕ್ಕಟೆ ಎಂದು ಹೆಮ್ಮೆಪಡುವ ನಮ್ಮೂರಿನ ಸೋಲಾರ್ ಮನೆಗಳಲ್ಲಿ ಬಿಸಿನೀರು ಮೇಲಿಂದ ಕೆಳಗಿನ ಬಚ್ಚಲಿಗೆ ಇಳಿಯುವ ಹೊತ್ತಿಗೆ ಒಂದು ಬಕೆಟ್ ತಣ್ಣೀರು ಮೋರಿ ಸೇರಿರುತ್ತದೆ. ನಾವು ಬೆರಳು ಚಾಚಿ ‘ಇನ್ನೂ ಬಂದಿಲ್ಲ, ಇನ್ನೂ ಬಂದಿಲ್ಲ’ ಅನ್ನುತ್ತ ನಿಂತಿರುತ್ತೇವೆ. ರಾಯರು ಅದಕ್ಕೆ ನೀಲಿ ಬಕೆಟ್ ಇಟ್ಟರು. ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರ್ ಹೊರಗೆ ತಳ್ಳುತ್ತದೆ. ಅದರ ಸಣ್ಣ ಪೈಪಿಗೆ ಹಸಿರು ಬಕೆಟ್. ಆ ನೀರಿನಲ್ಲಿ ಲವಣ ಜಾಸ್ತಿ, ಗಿಡಕ್ಕೆ ದಿನಾ ಹಾಕಿದರೆ ಎಲೆ ಸುಡುತ್ತದೆ. ಪಾತ್ರೆಯ ಜಿಡ್ಡು ನೆನೆಸಲು, ನೆಲ ಒರೆಸಲು ಅಡ್ಡಿಯಿಲ್ಲ. ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಾಟದ ನೀರಿಗೆ ಕೆಂಪು ಬಕೆಟ್, ಅದು ಕಕ್ಕಸಿಗೆ. ರಾಯರ ಹೆಂಡತಿ ಹೇಳುವ ಪ್ರಕಾರ ಆ ಮನೆಯಲ್ಲಿ ಈಗ ನೀರಿಗೆ ಬರವಿಲ್ಲ, ಕಾಲಿಡಲು ಜಾಗಕ್ಕೆ ಬರ.

ಫ್ಲಶ್ಶಿನ ವಿಷಯದಲ್ಲಿ ಮಾತ್ರ ರಾಯರಿಗೆ ಪೂರ್ತಿ ಅಂಕ. ಹಳೇ ಕಾಲದ ಸಿಸ್ಟರ್ನು ಒಂದು ಸಲ ಒತ್ತಿದರೆ ಹತ್ತು ಲೀಟರ್ ಸುರಿಯುತ್ತದೆ, ಲೋಟದಷ್ಟು ಕೆಲಸಕ್ಕೂ ಅಷ್ಟೇ. ರಾಯರು ಲೀಟರ್ ಬಾಟಲಿಗೆ ಮರಳು ತುಂಬಿ, ಮುಚ್ಚಳ ಬಿಗಿದು, ಸಿಸ್ಟರ್ನಿನೊಳಗೆ ಮೂಲೆಗೆ ನಿಲ್ಲಿಸಿದ್ದಾರೆ. ಒತ್ತಿದಾಗೆಲ್ಲ ಒಂದು ಲೀಟರ್ ಉಳಿತಾಯ. ಇಟ್ಟಿಗೆ ಇಡಬೇಡಿ, ಅದು ನೆನೆದು ಉದುರಿ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಇನ್ನು ಸದ್ದಿಲ್ಲದೆ ಸೋರುವ ಸಿಸ್ಟರ್ನನ್ನು ಹಿಡಿಯಲು ಅವರು ಬಳಸುವುದು ಕಾಫಿ ಡಿಕಾಕ್ಷನ್. ರಾತ್ರಿ ಮಲಗುವ ಮುಂಚೆ ಮೇಲಿನ ತೊಟ್ಟಿಗೆ ಎರಡು ಚಮಚ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಒತ್ತಬಾರದು. ಕೆಳಗೆ ಬೇಸಿನ್ನಿನಲ್ಲಿ ಕಾಫಿ ಬಣ್ಣ ಇಳಿದಿದ್ದರೆ ಪ್ಲಂಬರನ್ನು ಕರೆಯುವುದು. ಮೂರನೇ ಸಲ ಇಳಿಸಿದ ಡಿಕಾಕ್ಷನ್ನೇ ಸಾಕು, ಮೊದಲನೆಯದನ್ನು ಹಾಕಲು ಯಾವ ಹೆಂಡತಿಯೂ ಬಿಡುವುದಿಲ್ಲ. ಸೋರುವ ನಲ್ಲಿಗೆ ಇಷ್ಟು ಪತ್ತೇದಾರಿಯೂ ಬೇಡ. ಸೆಕೆಂಡಿಗೊಂದು ಹನಿ ಅಂದರೆ ದಿನಕ್ಕೆ 86,400 ಹನಿ, ನಾಲ್ಕೈದು ಲೀಟರ್. ಹತ್ತು ರೂಪಾಯಿಯ ವಾಷರಿಗಾಗಿ ಆರು ತಿಂಗಳು ‘ನಾಳೆ ನೋಡೋಣ’ ಅನ್ನುವುದರಲ್ಲಿ ಗಂಡಸರನ್ನು ಮೀರಿಸುವವರಿಲ್ಲ.

ಗಂಡಸರ ಮಾತು ಬಂತಲ್ಲ, ಅವರ ನಿಜವಾದ ಪ್ರತಿಭೆ ಇರುವುದು ಭಾನುವಾರದ ಪೈಪಿನಲ್ಲಿ. ವಾರವಿಡೀ ಒಂದು ಲೋಟವನ್ನೂ ತೊಳೆಯದವರು ಕಾರನ್ನು ಮಾತ್ರ ಕೂಸಿನಂತೆ ಮೀಯಿಸುತ್ತಾರೆ. ಒಂದು ಬಕೆಟ್, ಒಂದು ಬಟ್ಟೆಯಲ್ಲಿ ಮುಗಿಯುವ ಕೆಲಸಕ್ಕೆ ಬೀದಿಯ ಕೊನೆಯವರೆಗೂ ಹೊಳೆ. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿನವರು ದೇವರಾಗಿ ಕೂತಿದ್ದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿತು. ಆಗಲೂ ಕೆಲವೇ ದಿನಗಳಲ್ಲಿ 22 ಮನೆಯವರು ಸಿಕ್ಕಿಬಿದ್ದು ಒಟ್ಟು 1.1 ಲಕ್ಷ ಕಟ್ಟಿದರು. ಆ ಬೇಸಿಗೆಯಲ್ಲಿ ಹೋಟೆಲಿನಲ್ಲಿ ಅರ್ಧ ಲೋಟ ನೀರು ಕೊಟ್ಟರೂ ನಾವು ತುಟಿಪಿಟಿಕ್ ಅನ್ನಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್, ನಗರದ ಅಂಚಿನ 110 ಹಳ್ಳಿಗಳಿಗೆ. ಒಳ್ಳೆಯದೇ ಆಯಿತು. ಆದರೆ ನಮ್ಮ ಬೀದಿಗೆ ಅದರಿಂದ ಅರ್ಥವಾದದ್ದು ಇಷ್ಟೇ: ಪೈಪನ್ನು ಮತ್ತೆ ಅಟ್ಟದಿಂದ ಇಳಿಸಬಹುದು.

ಇನ್ನು ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಬೀಳುತ್ತದೆ. ಮೂವತ್ತು ನಲವತ್ತರ ಸೈಟಿನ ಲೆಕ್ಕ ಹಾಕಿದರೆ ಒಂದು ಲಕ್ಷ ಲೀಟರಿಗೆ ಮೋಸವಿಲ್ಲ. ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನಾಯಿತು. ನಮ್ಮ ಬೀದಿಯಲ್ಲಿ ಕಾನೂನಿಗೆ ಅಂಜಿ ಪೈಪು ಹಾಕಿಸಿದವರು ಬಹಳ, ಪೈಪಿನ ತುದಿ ಮೋರಿಗೆ ಬಿಟ್ಟವರೂ ಬಹಳ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ತೊಂಬತ್ತರ ದಶಕದಲ್ಲೇ ಮನೆ ಕಟ್ಟಿಸಿ, ಜಲಮಂಡಳಿಯ ನಲ್ಲಿಯ ಗೊಡವೆಯೇ ಇಲ್ಲದೆ ತಾರಸಿಯ ಮಳೆಯಲ್ಲೇ ಸಂಸಾರ ನಡೆಸಿ ತೋರಿಸಿದರು. ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಮೊದಲ ಮಳೆಯನ್ನು ಹೊರಗೆ ಬಿಡುತ್ತಾರೆ, ಆಮೇಲಿನದನ್ನು ಸೋಸಿ ಸಂಪಿಗೆ ಇಳಿಸುತ್ತಾರೆ ಅಂತ ಕೈ ಆಡಿಸಿ ವಿವರಿಸಿದೆ.

‘ಶಿವಶಿವಾ, ತಾರಸಿ ನೀರೇ? ಕಾಗೆ ಕೂರತ್ತಲ್ಲೋ ಅಲ್ಲಿ!’

‘ಕಾವೇರಿಯೂ ಮಳೆನೀರೇ ದೊಡ್ಡಮ್ಮ. ಕೊಡಗಿನಲ್ಲಿ ಕಾಗೆ ಇಲ್ಲವೇ?’

ದೊಡ್ಡಮ್ಮ ಒಂದು ಕ್ಷಣ ಯೋಚಿಸಿದರು. ‘ಇರಬಹುದಪ್ಪ. ಆದರೆ ನಾನು ನೋಡಿಲ್ಲವಲ್ಲ’ ಅಂದು, ಇನ್ನೊಂದು ಕೊಡ ಬಗ್ಗಿಸಿದರು.